ಬೀಳಗಿಯ ದನಿ

ಹದಿನಾಲ್ಕು ವರ್ಷ ನಾನು ಮಲಾಡನ್ನು ಕೇವಲ ರಾತ್ರಿ ಮಲಗುವ ಊರೆಂದು ಬಗೆದಿದ್ದೆ. ಬೆಳಿಗ್ಗೆ ಚರ್ಚ್‌ಗೇಟ್ ಲೋಕಲ್ಲು, ಕಚೇರಿ, ಕತ್ತಲಾದ ಮೇಲೆ ಮರಳುವುದು. ಎಂ.ಎ. ಓದುವಾಗ ಹಾರ್ಡಿಯ ವೆಸೆಕ್ಸ್ ನಕ್ಷೆಯನ್ನು ಕಂಠಪಾಠ ಮಾಡಿದ್ದವನಿಗೆ, ತಾನು ಬಾಡಿಗೆ ಕಟ್ಟುವ ಊರಿಗೂ ಒಂದು ಚರಿತ್ರೆ ಇದ್ದೀತೆಂದು ಹೊಳೆಯಲೇ ಇಲ್ಲ.

ಅವ್ವ ತನ್ನ ಕೊನೆಯ ಎರಡು ವರ್ಷಗಳನ್ನು ನಮ್ಮೊಡನೆ ಇಲ್ಲಿ ಕಳೆದಳು. ಐದನೆಯ ಮಹಡಿಯ ಕಿಟಕಿಯಲ್ಲಿ ಕುಳಿತು, "ಈ ಊರಾಗ ಏನೈತೋ ತಮ್ಮಾ, ಬರೇ ಗ್ವಾಡಿ" ಎನ್ನುತ್ತಿದ್ದಳು. ಅವಳ ತವರು ಬೀಳಗಿ. ಸಂಜೆ ಕಾಳು ಆರಿಸುತ್ತ ಅಮೀರ್‌ಬಾಯಿ ಕರ್ನಾಟಕಿಯವರ ಹಿಂದಿ ಹಾಡೊಂದನ್ನು ಗುನುಗುವಳು. ಮೋಡವನ್ನು ಕುರಿತ ಹಾಡು. ಪದಗಳ ಅರ್ಥ ಅವಳಿಗೆ ಅಷ್ಟಕ್ಕಷ್ಟೆ. "ಆಕಿ ನಮ್ಮ ಬೀಳಗಿಯಾಕಿ" ಎಂಬುದಷ್ಟೇ ಮುಖ್ಯ. ನಾನು ಹೂಂಗುಟ್ಟಿ ಪತ್ರಿಕೆಯ ಪುಟ ತಿರುವುತ್ತಿದ್ದೆ.

ಅವಳು ತೀರಿಕೊಂಡ ಮರುವರ್ಷ, ಹಳೆಯ ಚಿತ್ರಗಳ ಕುರಿತು ಏನನ್ನೋ ಓದುವಾಗ ತಿಳಿಯಿತು: ಆ ಹಾಡು 1943ರ 'ಕಿಸ್ಮತ್' ಚಿತ್ರದ್ದು. ಕಲ್ಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮೀರಿ ಓಡಿದ ಆ ಚಿತ್ರ ತಯಾರಾದದ್ದು ಮಲಾಡಿನ ಬಾಂಬೆ ಟಾಕೀಸಿನಲ್ಲಿ. ಅವ್ವ ಕುಳಿತಿದ್ದ ಕಿಟಕಿಯಿಂದ ನಡೆದರೆ ಹದಿನೈದು ನಿಮಿಷ.

1934ರಲ್ಲಿ ಹಿಮಾಂಶು ರಾಯ್ ಮತ್ತು ದೇವಿಕಾ ರಾಣಿ ಆ ಸಂಸ್ಥೆಯನ್ನು ಕಟ್ಟಿದಾಗ ಮಲಾಡ್ ಮುಂಬಯಿ ನಗರದ ಮಿತಿಗೇ ಸೇರಿರಲಿಲ್ಲ. ಅಲ್ಲಿಯವರೆಗೆ ಈ ಊರಿನ ಹೆಸರು ನಗರಕ್ಕೆ ತಲುಪಿದ್ದು ಕಲ್ಲಿನ ಮೂಲಕ. ದಕ್ಷಿಣ ಮುಂಬಯಿಯ ವಸ್ತುಸಂಗ್ರಹಾಲಯದ ಗೋಡೆಗಳಲ್ಲಿ ಕುರ್ಲಾದ ಕರಿಗಲ್ಲಿನ ಜೊತೆ ಮಲಾಡಿನ ನಸುಹಳದಿ ಕಲ್ಲೂ ಇದೆ. ಆಮೇಲೆ ಬಂದದ್ದು ಸಿನಿಮಾ. ಷೇರು ಬಂಡವಾಳದ ಕಂಪನಿ, ಸ್ವಂತ ಲ್ಯಾಬು, ಜರ್ಮನಿಯ ನಿರ್ದೇಶಕ ಫ್ರಾಂಜ್ ಆಸ್ಟೆನ್, ಛಾಯಾಗ್ರಾಹಕ ಯೋಸೆಫ್ ವಿರ್ಶಿಂಗ್. ಲ್ಯಾಬಿನಲ್ಲಿ ಕೆಲಸಕ್ಕಿದ್ದ ಅಶೋಕ್ ಕುಮಾರ್ 1936ರಲ್ಲಿ ನಾಯಕನಟರಾದರು. 'ಅಛೂತ್ ಕನ್ಯಾ' ಬಂದದ್ದೂ ಅದೇ ವರ್ಷ. ಯುದ್ಧ ಬಂತು, ಜರ್ಮನರು ಕೈಬಿಟ್ಟುಹೋದರು. 1940ರಲ್ಲಿ ರಾಯ್ ತೀರಿಕೊಂಡರು. 1943ರಲ್ಲಿ ಸಂಸ್ಥೆ ಒಡೆದು, ಅಶೋಕ್ ಕುಮಾರರೂ ಇದ್ದ ಬಣ ಪಕ್ಕದ ಗೋರೆಗಾಂವಿನಲ್ಲಿ ಫಿಲ್ಮಿಸ್ತಾನ್ ಸ್ಥಾಪಿಸಿತು. ಐವತ್ತರ ದಶಕದಲ್ಲಿ ಬಾಂಬೆ ಟಾಕೀಸ್ ಮುಚ್ಚಿಯೇ ಹೋಯಿತು. ಅಷ್ಟರಲ್ಲಿ ಚಿತ್ರರಂಗ ಬಿಟ್ಟಿದ್ದ ದೇವಿಕಾ ರಾಣಿ ಸ್ವೆತೊಸ್ಲಾವ್ ರೋರಿಕ್ ಅವರನ್ನು ಮದುವೆಯಾಗಿ, ಕಡೆಗೆ ಬೆಂಗಳೂರಿನ ಹೊರಗೆ ತಾತಗುಣಿಯಲ್ಲಿ ನೆಲೆಸಿದರು. ಬೀಳಗಿಯ ದನಿ ಮಲಾಡಿಗೆ, ಮಲಾಡಿನ ಒಡತಿ ಕನ್ನಡನಾಡಿಗೆ! ಅವ್ವ ಇದನ್ನು ಕೇಳಿದ್ದರೆ ನಕ್ಕಿರುತ್ತಿದ್ದಳು.

ಒಂದು ಭಾನುವಾರ ಆ ಆವರಣಕ್ಕೆ ಹೋದೆ. ಹೆಸರು ಇನ್ನೂ ಬಾಂಬೆ ಟಾಕೀಸ್ ಕಂಪೌಂಡ್ ಎಂದೇ. ಒಳಗೆ ಸಣ್ಣ ಕಾರ್ಖಾನೆಗಳ ಸಾಲು, ಎಳೆದ ಶಟರುಗಳು, ಗಿಡ ಬೆಳೆದ ಪಾಳು ಗೋಡೆ. ಅವ್ವ ಹೇಳಿದ ಗ್ವಾಡಿಯೇ. ಅದರ ಫೋಟೋ ತೆಗೆದು, ಸಂಗತಿಯನ್ನು ಬರೆದು, ಬೀಳಗಿಯಲ್ಲಿರುವ ಸೋದರಮಾವನಿಗೆ ಕಳಿಸಿದೆ. ನಾನು ಸ್ಟೇಷನ್ ಮುಟ್ಟುವುದರೊಳಗೆ ಅವರ ಫೋನು ಬಂತು. ಗೋಡೆಯ ಬಗ್ಗೆ ಒಂದು ಮಾತೂ ಇಲ್ಲ. ರೇಡಿಯೋ ಸಿಲೋನಿನಲ್ಲಿ ಆ ಹಾಡು ಬಂದಾಗಲೆಲ್ಲ ಅಕ್ಕ ಒಲೆಯ ಮೇಲಿನ ರೊಟ್ಟಿ ಬಿಟ್ಟು ಓಡುತ್ತಿದ್ದಳೆಂದೂ, ಸೀದ ರೊಟ್ಟಿ ತನ್ನ ಪಾಲಿಗೇ ಬರುತ್ತಿತ್ತೆಂದೂ ಹೇಳತೊಡಗಿದರು.