ಗಣಕಯಂತ್ರದಲ್ಲಿ ಅರ್ಕಾವೊತ್ತು

ಸಂಸ್ಕೃತ ಕಲಿಸಿದ ಮಾಸ್ತರನೆಂಬ ಕಾರಣದಿಂದ ನಮ್ಮ ಸಿಂದಗಿಯಲ್ಲಿ ಹಲವರು ನನ್ನನ್ನು ಕೇಳುವುದುಂಟು: "ಸರ, ಕಂಪ್ಯೂಟರಿಗೆ ಸಂಸ್ಕೃತನ ಎಲ್ಲಕ್ಕಿಂತ ಚಲೋ ಭಾಷಾ ಅಂತಾರಲ್ಲ, ಖರೇ ಏನ್ರಿ?" 1985ರಲ್ಲಿ ರಿಕ್ ಬ್ರಿಗ್ಸ್ ಎಂಬವರು ಅಮೇರಿಕೆಯ ಪತ್ರಿಕೆಯೊಂದರಲ್ಲಿ ಬರೆದ ಲೇಖನವನ್ನು ಹಿಗ್ಗಿಸಿ ಹಬ್ಬಿಸಿದ ಮಾತಿದು. ನಮ್ಮ ಶಾಸ್ತ್ರಕಾರರು ವಾಕ್ಯಾರ್ಥವನ್ನು ಬಿಡಿಸುವ ರೀತಿಗೂ ಯಂತ್ರಕ್ಕೆ ಅರ್ಥವನ್ನು ತಿಳಿಸುವ ರೀತಿಗೂ ಸಾಮ್ಯವುಂಟೆಂಬುದು ಅವರ ಮುಖ್ಯ ವಾದ. ಯಂತ್ರವು ಸಂಸ್ಕೃತದಲ್ಲಿ ನಡೆಯುತ್ತದೆಂದಲ್ಲ. ಪಾಣಿನಿಗೆ ಇಂಥ ಊರುಗೋಲು ಬೇಕಾಗಿಲ್ಲ.

ಆದರೂ ವ್ಯಾಕರಣ ಓದಿದವನಿಗೆ ಈ ಯಂತ್ರದ ರುಚಿ ಹತ್ತುವುದು ಸಹಜ. ನಮಗೆ 'ಕ್' ಎಂಬುದು ಮೂಲವ್ಯಂಜನ; ಅಕಾರ ಸೇರಿದರೆ 'ಕ'. ಯಂತ್ರದಲ್ಲಿ ಇದು ತಲೆಕೆಳಗು. ಅಲ್ಲಿ 'ಕ' ಒಂದೇ ಸಂಕೇತ; 'ಕ್' ಬೇಕಾದರೆ ಹಲಂತದ ಗುರುತೆಂಬ ಎರಡನೆಯ ಸಂಕೇತವನ್ನು ಹಚ್ಚಬೇಕು. ಕಳೆಯುವುದಕ್ಕಾಗಿ ಕೂಡಿಸುವ ವಿಚಿತ್ರ ಗಣಿತ! 'ಧರ್ಮ' ಎಂಬಲ್ಲಿ ಬಾಲಕನು ಎರಡಕ್ಷರ ಎಣಿಸಿದರೆ ಯಂತ್ರವು ನಾಲ್ಕು ಎಣಿಸುತ್ತದೆ.

ನನ್ನ ಯಂತ್ರವು ಹಳೆಯದು. ಹೊಸದನ್ನು ಕೊಳ್ಳಿರೆಂದು ಮಗನ ಒತ್ತಾಯ. ನಾನು ತಿರುಗುವ ಹಾರ್ಡ್‌ಡಿಸ್ಕನ್ನು ತೆಗೆಸಿ ಎಸ್‌ಎಸ್‌ಡಿ ಹಾಕಿಸಿದೆನು, ಒಳಗಿನ ಧೂಳನ್ನು ಊದಿಸಿದೆನು. ಎತ್ತು ಮುದಿಯಾಗುವ ಮೊದಲೇ ಸಂತೆಗೆ ಹೊಡೆಯುವ ಪದ್ಧತಿ ನನಗೆ ಸೇರದು.

ಪರಲೋಕವಾಸಿಯಾದ ನನ್ನ ಮಿತ್ರರೊಬ್ಬರು ಸುತ್ತಲ ಹಳ್ಳಿಗಳ ಬೀಸುವ ಪದಗಳನ್ನು ಕೂಡಿಸಿ ಟೈಪು ಮಾಡಿಟ್ಟಿದ್ದರು. ಅವರ ಮನೆಯವರು ಆ ಕಡತವನ್ನು ನನ್ನ ಕೈಗಿತ್ತರು. ತೆರೆದು ನೋಡಲು, ಪುಟತುಂಬ ಇಂಗ್ಲಿಷ್ ಅಕ್ಷರಗಳ ಅರ್ಥವಿಲ್ಲದ ರಾಶಿ! ಹಿಂದಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡದ ಚಿತ್ರಗಳನ್ನು ಕೂಡಿಸುತ್ತಿದ್ದುವು. ಆ ಫಾಂಟು ಇಲ್ಲದಲ್ಲಿ ಕನ್ನಡವೂ ಇಲ್ಲ. 1991ರಲ್ಲಿ ಹೊರಬಂದ ಯೂನಿಕೋಡಿನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಓಣಿಯುಂಟು. ಹಳೆಯದನ್ನು ಅಲ್ಲಿಗೆ ಸಾಗಿಸಬೇಕಾಗಿತ್ತು.

"ಅಂತರಜಾಲದಾಗ ಏರಿಸ್ರಿ, ಅಜ್ಜಾ, ಅರ್ಧ ನಿಮಿಷದ ಕೆಲಸ" ಎಂದನು ಮೊಮ್ಮಗ. ನಾನು ಒಪ್ಪಲಿಲ್ಲ. ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಅತ್ತೆಯ ಕಾಟ, ಗಂಡನ ಕುಡಿತ ಎಲ್ಲವನ್ನೂ ಮನೆತನದ ಹೆಸರು ಹಿಡಿದು ಹಾಡಿದ್ದಾರೆ. ಅದನ್ನು ಗುರುತಿಲ್ಲದವರ ಯಂತ್ರಕ್ಕೆ ಒಪ್ಪಿಸಲೇ? ಸಿಮ್ ಕಾರ್ಡಿನ ಅಂಗಡಿಯಲ್ಲಿಯೂ ವಸತಿಗೃಹದಲ್ಲಿಯೂ ಆಧಾರಿನ ಝೆರಾಕ್ಸನ್ನು ಕೊಟ್ಟು ಕೊಟ್ಟು ನಮಗೆ ಗುಟ್ಟೆಂಬುದರ ಬೆಲೆ ಮರೆತಂತಾಗಿದೆ. ಕೊನೆಯ ನಾಲ್ಕು ಅಂಕೆಗಳು ಮಾತ್ರ ಕಾಣುವ ಆಧಾರ ಪ್ರತಿಯುಂಟೆಂದು ಎಷ್ಟು ಗೃಹಸ್ಥರು ಬಲ್ಲರು? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ಮೇಲೆ, 2012ರಲ್ಲಿ, ಈ ಆಧಾರಿನ ವಿಷಯವಾಗಿಯೇ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು. ಆ ವಯಸ್ಸಿನಲ್ಲಿ ಆ ಛಲ!

ಕಡೆಗೆ ನನ್ನ ಯಂತ್ರದೊಳಗೇ ನಡೆಯುವ ಪರಿವರ್ತಕವೊಂದನ್ನು ಮೊಮ್ಮಗನು ಹುಡುಕಿ ತಂದನು. ಪದಗಳು ಕನ್ನಡವಾಗಿ ಎದ್ದು ಬಂದವು. ಅರ್ಕಾವೊತ್ತುಗಳು ಮಾತ್ರ ಸ್ಥಾನಭ್ರಷ್ಟವಾಗಿದ್ದುವು. ಅದೇಕೆಂದರೆ, ಹಳೆಯ ಫಾಂಟಿನಲ್ಲಿ ಕೈಬರಹದಂತೆ ಅರ್ಕಾವೊತ್ತು ವ್ಯಂಜನದ ಹಿಂದಿನಿಂದ ಬರುತ್ತದೆ; ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮವೇ ಕ್ರಮವಾದುದರಿಂದ ರೇಫವು ಮುಂದಿರಬೇಕು. ಶಿಕ್ಷಾಶಾಸ್ತ್ರ ಓದಿದವನಿಗೆ ಎರಡನೆಯದೇ ಸರಿಯೆನಿಸಿತು. ಒಂದು ತಿಂಗಳು ಕುಳಿತು ತಿದ್ದಿದೆನು.

ತಿದ್ದಿದರೂ ಕೂಡದ ಕೆಲವು ಸಾಲುಗಳು ಉಳಿದಾಗ ಮಿತ್ರರ ಸೋದರತ್ತೆಯ ಬಳಿಗೆ ಹೋದೆನು. ಆ ಮುದುಕಿ ಕಣ್ಣು ಮುಚ್ಚಿ, ತಡವರಿಸದೆ ಎಲ್ಲವನ್ನೂ ಹಾಡಿ ತುಂಬಿಕೊಟ್ಟಳು. ಬಳಿಕ ನನ್ನ ಕಾಗದವನ್ನು ಬೆರಳಿನಿಂದ ಮುಟ್ಟಿ, "ಮಾಸ್ತರ, ಅಚ್ಚು ಹಾಕಸ್ರಿ. ಆ ಒಂದು ಮನಿತನದ ಹೆಸರ ಮಾತ್ರ ತಗದ ಬಿಡ್ರಿ. ಅವರ ಮೊಮ್ಮಕ್ಕಳು ಇದ ಓಣ್ಯಾಗ ಅದಾರ" ಎಂದಳು.

ತೆಗೆದಿದ್ದೇನೆ.