ಜಾವಾದಲ್ಲೊಂದು ಮದುವೆ

ಜಾವಾ ದ್ವೀಪದ ಸುರಕರ್ತ ನಗರದಲ್ಲಿ ಮಿತ್ರರೊಬ್ಬರ ಮಗಳ ಮದುವೆಯನ್ನು ನೋಡುವ ಸುಯೋಗವು ನನಗೊದಗಿದ್ದಿತು. ಇಸ್ಲಾಂ ವಿಧಿಯಂತೆ ನಿಕಾಹ್ ಮುಗಿದ ಬಳಿಕ, ಗಾಮೆಲಾನ್ ವಾದ್ಯಘೋಷದ ನಡುವೆ ವಧೂವರರು ಎದುರುಬದುರಾಗಿ ನಿಂತು ವೀಳೆಯದೆಲೆಯ ಸುರುಳಿಗಳನ್ನು ಒಬ್ಬರಮೇಲೊಬ್ಬರು ಎಸೆದರು. ವರನು ಮೊಟ್ಟೆಯೊಂದನ್ನು ಮೆಟ್ಟಿ ಒಡೆಯಲು, ವಧುವು ಅವನ ಪಾದವನ್ನು ತೊಳೆದಳು. ಇದಕ್ಕೆ ‘ವಿಜಿ ದಾದಿ’ ಎಂದು ಹೆಸರು. ‘ವಿಜಿ’ಯೆಂಬುದು ಸಂಸ್ಕೃತದ ‘ಬೀಜ’ವೇ ಎಂದರಿತಾಗ, ಪರದೇಶಿಯಾದ ನನಗೂ ಅಲ್ಲಿ ನೆಂಟತನವು ತೋರಿತು.

ಅನಂತರ ‘ಕಾಚರ್ ಕುಚುರ್’. ವರನು ಅಕ್ಕಿ, ಕಾಳು, ನಾಣ್ಯಗಳನ್ನು ಅವಳ ಮಡಿಲ ವಸ್ತ್ರಕ್ಕೆ ಸುರಿದನು. ಅವಳು ಒಂದು ಕಾಳೂ ಚೆಲ್ಲದಂತೆ ಗಂಟುಕಟ್ಟಿದಳು. ಗಂಡನ ಗಳಿಕೆಗೆ ಹೆಂಡತಿಯೇ ಕಾವಲೆಂದು ಇದರ ಅರ್ಥ.

ಮೂವತ್ತು ವರ್ಷ ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡು, ಉಪ್ಪಿಗೂ ಮನೆಯಾಕೆಯಿಂದ ಲೆಕ್ಕ ಕೇಳಿದವನು ನಾನು! ತಲೆ ತಗ್ಗಿತು. ಊರಿಗೆ ಬಂದೊಡನೆ ಅದನ್ನು ಬಿಚ್ಚಿ ಅವಳ ಮುಂದಿಟ್ಟೆನು.

“ಇಷ್ಟು ಕಾಲದ ಮೇಲೆ ಇದೇಕೆ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಆದರೂ ಅವಳು ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.