ಇನಿದನಿಯ ಗುಹೆ

ಸ್ಕಾಟ್ಲೆಂಡಿನ ಪಶ್ಚಿಮ ತೀರದಾಚೆ, ಮಲ್ ಎಂಬ ದೊಡ್ಡ ದ್ವೀಪದಿಂದ ಸುಮಾರು 6 ಮೈಲಿ ದೂರದಲ್ಲಿ, ಸ್ಟಾಫಾ ಎಂಬ ಪುಟ್ಟ ನಡುಗಡ್ಡೆಯೊಂದು ಅಟ್ಲಾಂಟಿಕ್ ಸಾಗರದ ಅಲೆಗಳಿಗೆ ಎದೆಯೊಡ್ಡಿ ನಿಂತಿದೆ. ಅದರ ವಿಸ್ತಾರ ಸುಮಾರು 80 ಎಕರೆ. ಮೇಲೆ ಹಸುರು ಹುಲ್ಲು, ಜನವಾಸವಿಲ್ಲ. ಆದರೂ ಎರಡೂವರೆ ಶತಮಾನಗಳಿಂದ ಕವಿಗಳೂ ಚಿತ್ರಕಾರರೂ ಅರಸುಮನೆತನದವರೂ ಅಲ್ಲಿಗೆ ದೋಣಿಯೇರಿ ಹೋಗಿದ್ದಾರೆ. ಅವರನ್ನೆಲ್ಲ ಸೆಳೆದುದು ದ್ವೀಪದ ದಕ್ಷಿಣದಂಚಿನಲ್ಲಿರುವ ಒಂದು ಗುಹೆ.

ಬೇಸಗೆಯ ತಿಂಗಳುಗಳಲ್ಲಿ ಮಲ್ ಮತ್ತು ಅಯೋನಾ ದ್ವೀಪಗಳಿಂದ ಯಂತ್ರದ ದೋಣಿಗಳು ಸ್ಟಾಫಾಕ್ಕೆ ಹೊರಡುತ್ತವೆ. ದೂರದಿಂದ ನೋಡುವವರಿಗೆ ಅದು ದ್ವೀಪವೆಂದು ತೋರುವುದೇ ಇಲ್ಲ. ಯಾರೋ ಶಿಲ್ಪಿಗಳು ಸಮುದ್ರದ ನಡುವೆ ಸಾಲುಗಂಬದ ಮಂಟಪವನ್ನು ಕಟ್ಟಲು ತೊಡಗಿ, ಮೇಲ್ಛಾವಣಿಯನ್ನು ಒರಟಾಗಿಯೇ ಬಿಟ್ಟು ಹೋದಂತಿದೆ. ಕಂಬಗಳೆಲ್ಲ ಕರಿಯವು, ಒತ್ತೊತ್ತಾಗಿ ನಿಂತವು. ಬಹುಪಾಲಿಗೆ ಆರು ಮುಖ, ಕೆಲವಕ್ಕೆ ಐದು. ಸುಮಾರು 6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾರಸವು ನಿಧಾನವಾಗಿ ತಣಿದು ಕುಗ್ಗಿದಾಗ ಈ ಬಿರುಕುಗಳು ಮೂಡಿದವು. ನೀರಾರಿದ ಕೆರೆಯಂಗಳದ ಕೆಸರು ಬಿರಿಯುವ ಬಗೆಯೂ ಬಹುಮಟ್ಟಿಗೆ ಇದೇ. ಇಲ್ಲಿ ಬಿರುಕು ಹತ್ತಾರು ಅಡಿಗಳ ಆಳಕ್ಕೆ ಇಳಿದಿದೆ, ಅಷ್ಟೆ. ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪಗಳನ್ನು ಕಂಡವರಿಗೆ ಈ ಶಿಲಾಸ್ತಂಭಗಳ ಪರಿಚಯವಿದ್ದೇ ಇರುತ್ತದೆ. ಮಲ್ಪೆಯವು ಇವಕ್ಕಿಂತ ಹಿರಿಯವು ಎಂಬುದನ್ನು ಕನ್ನಡಿಗರು ನೆನಪಿಡಬಹುದು.

ದೋಣಿ ದಡಕ್ಕೆ ತಗಲುವುದೇ ಒಂದು ಪ್ರಶ್ನೆ. ಅಲೆ ಎದ್ದ ದಿನ ಇಳಿಯುವಂತಿಲ್ಲ. 1773ರಲ್ಲಿ ಸ್ಕಾಟ್ಲೆಂಡಿನ ದ್ವೀಪಗಳನ್ನು ಸುತ್ತಿದ ಪಂಡಿತ ಸ್ಯಾಮ್ಯುಯೆಲ್ ಜಾನ್ಸನ್ ಮತ್ತು ಅವನ ಸಂಗಾತಿ ಬಾಸ್ವೆಲ್ ಸ್ಟಾಫಾವನ್ನು ದೂರದಿಂದ ಕಂಡರೇ ಹೊರತು ಇಳಿಯಲಾಗದೆ ಮುಂದೆ ಸಾಗಿದರು. ಸಮುದ್ರ ಪ್ರಸನ್ನವಾಗಿದ್ದ ದಿನ ಪ್ರವಾಸಿಗನು ಪೂರ್ವದ ಕಡೆ ಇಳಿದು, ಮುರಿದ ಕಂಬಗಳ ತಲೆಗಳ ಮೇಲೆ ಒಂದೊಂದೇ ಹೆಜ್ಜೆಯಿಡುತ್ತ ಗುಹೆಯ ಕಡೆಗೆ ಸಾಗಬೇಕು. ಬಲಕ್ಕೆ ಬಂಡೆ, ಎಡಕ್ಕೆ ಕಡಲು. ಬಂಡೆ ಕುಸಿದಾಗ ಆ ದಾರಿಯೂ ಮುಚ್ಚುವುದುಂಟು. ಆಗ ದೋಣಿಯಿಂದಲೇ ನೋಡಿ ತೃಪ್ತಿಪಡಬೇಕು.

ಗುಹೆಯ ಬಾಯಿ ಸುಮಾರು 70 ಅಡಿ ಎತ್ತರ; ಒಳಗಿನ ಉದ್ದ 200 ಅಡಿಗೂ ಮಿಕ್ಕದ್ದು. ಅದರ ನೆಲವೆಲ್ಲ ನೀರು. ಇಳಿತದಲ್ಲಿಯೂ ಕಡಲು ಅಲ್ಲಿಂದ ಹೊರಗೆ ಸರಿಯುವುದಿಲ್ಲ. ಕಣ್ಣು ಕತ್ತಲೆಗೆ ಹೊಂದಿಕೊಳ್ಳುವ ಮೊದಲೇ ಕಿವಿಗೆ ಕೆಲಸ ಬೀಳುತ್ತದೆ. ಹೊರಗಿನ ಅಲೆ ಒಳನುಗ್ಗಿ, ಕೊನೆಯ ಗೋಡೆಗೆ ತಾಗಿ, ಗಂಭೀರವಾದ ಮಂದ್ರಧ್ವನಿಯೊಂದನ್ನೆಬ್ಬಿಸುತ್ತದೆ. ಅದು ಕಮಾನಿನ ಛಾವಣಿಯಲ್ಲಿ ಮೊಳಗಿ ಅಡಗುವಷ್ಟರಲ್ಲಿ ಮತ್ತೊಂದು ಅಲೆ ಬಂದಿರುತ್ತದೆ. ಸ್ಥಳೀಯ ಗೇಲಿಕ್ ಭಾಷೆಯಲ್ಲಿ ಇದಕ್ಕಿದ್ದ ಹೆಸರಿನ ಅರ್ಥವೇ ‘ಇನಿದನಿಯ ಗುಹೆ’.

ಆ ಹೆಸರು ಹೊರಗಿನವರಲ್ಲಿ ಬಳಕೆಗೆ ಬರಲಿಲ್ಲ. 1772ರಲ್ಲಿ ಐಸ್‌ಲೆಂಡಿಗೆ ಹೊರಟಿದ್ದ ಜೋಸೆಫ್ ಬ್ಯಾಂಕ್ಸ್ ಎಂಬ ಸಸ್ಯವಿಜ್ಞಾನಿ ನಡುದಾರಿಯಲ್ಲಿ ಇಲ್ಲಿಗೆ ಬಂದನು. ಜೇಮ್ಸ್ ಮ್ಯಾಕ್‌ಫರ್ಸನ್ನನು ಪುರಾತನ ಗೇಲಿಕ್ ಕಾವ್ಯಗಳ ಅನುವಾದವೆಂದು ಹೇಳಿ ಪ್ರಕಟಿಸಿದ್ದ ಕೃತಿಗಳ ಮೋಹ ಆಗ ಯುರೋಪನ್ನೆಲ್ಲ ಹಿಡಿದಿತ್ತು. ಅದರ ನಾಯಕ ಫಿಂಗಲನ ಹೆಸರಿನಲ್ಲಿಯೇ ಬ್ಯಾಂಕ್ಸ್ ಗುಹೆಯನ್ನು ಲೋಕಕ್ಕೆ ಪರಿಚಯಿಸಿದನು. ಆ ಕಾವ್ಯದ ಪ್ರಾಚೀನತೆ ಬಳಿಕ ತೀವ್ರ ವಿವಾದಕ್ಕೀಡಾಯಿತು. ಹೆಸರು ಮಾತ್ರ ಉಳಿಯಿತು. ಶಬ್ದಕ್ಕಾಗಿ ಹೆಸರಾಗಿದ್ದ ಗುಹೆ ಪುಸ್ತಕದ ವೀರನೊಬ್ಬನ ಪಾಲಾಯಿತು.

ಆ ನಾದವನ್ನು ಗುಹೆಗೆ ಮರಳಿ ಒದಗಿಸಿದವನು 20 ವರ್ಷದ ಜರ್ಮನ್ ತರುಣ, ಫೆಲಿಕ್ಸ್ ಮೆಂಡೆಲ್‌ಸನ್. 1829ರ ಆಗಸ್ಟಿನಲ್ಲಿ ಸ್ಟೀಮರಿನಲ್ಲಿ ಅಲ್ಲಿಗೆ ಹೋದ ಅವನನ್ನು ಕಡಲಬೇನೆ ಹಣ್ಣುಮಾಡಿತ್ತು. ಅವನ ‘ಹೆಬ್ರಿಡೀಸ್’ ಸಂಗೀತಕೃತಿ 1832ರಲ್ಲಿ ಲಂಡನ್ನಿನಲ್ಲಿ ಮೊದಲು ಕೇಳಿಸಿತು. ಅಲೆಯಂತೆ ಏರಿ ಮರಳುವ ಅದರ ಆರಂಭ ಗುಹೆಯೊಳಗೇ ಹೊಳೆಯಿತೆಂಬ ಮಾತು ಜನಜನಿತ. ವಾಸ್ತವವಾಗಿ, ಗುಹೆಯನ್ನು ಕಾಣುವ ಹಿಂದಿನ ದಿನವೇ ಅವನು ಮನೆಗೆ ಬರೆದ ಪತ್ರದಲ್ಲಿ ಆ ಸ್ವರಗಳನ್ನು ಬರೆದುಕೊಂಡಿದ್ದನು! ಇದರಿಂದ ಕೃತಿಯ ಬೆಲೆ ಕುಗ್ಗುವುದಿಲ್ಲ. ಆ ಕಡಲು ಗುಹೆಗೆ ಮೊದಲೇ ಅವನ ಕಿವಿಯನ್ನು ಸೇರಿತ್ತೆನ್ನಬೇಕು. ಅದೇ ವರ್ಷ 1832ರಲ್ಲಿ ಟರ್ನರ್ ಸ್ಟಾಫಾದ ಚಿತ್ರವನ್ನು ಪ್ರದರ್ಶಿಸಿದನು. ಅದರಲ್ಲಿ ಗುಹೆಗಿಂತ ಮಂಜು, ಮಳೆಮೋಡ, ಸ್ಟೀಮರಿನ ಹೊಗೆಗಳೇ ಹೆಚ್ಚು. 1847ರಲ್ಲಿ ವಿಕ್ಟೋರಿಯಾ ರಾಣಿಯೂ ಬಂದುಹೋದಳು.

ಇಷ್ಟೆಲ್ಲ ಅತಿಥಿಗಳು ಬರುವ ಹೊತ್ತಿಗೆ ದ್ವೀಪದ ಒಕ್ಕಲು ಎದ್ದುಹೋಗಿತ್ತು. 18ನೆಯ ಶತಮಾನದಲ್ಲಿ ಅಲ್ಲಿ ಬೇಸಾಯ ಮಾಡಿ, ದನಕುರಿ ಮೇಯಿಸಿ ಬಾಳಿದವರಿದ್ದರು. ಚಳಿಗಾಲದ ಬಿರುಗಾಳಿಗಳಿಗೆ ಅಂಜಿ ಅವರು ಬಿಟ್ಟುಹೋದರೆಂದು ಹೇಳಿಕೆ. ಕೇಳಬಂದವರಿಗೆ ಒಂದು ಗಳಿಗೆಯ ಸಂಗೀತವಾದದ್ದು ಅವರಿಗೆ ರಾತ್ರಿಯೆಲ್ಲ ಕಾಲ ಕೆಳಗಿನ ನೆಲವನ್ನು ನಡುಗಿಸಿರಬೇಕು.

1986ರಿಂದ ಸ್ಟಾಫಾ ಸ್ಕಾಟ್ಲೆಂಡಿನ ನ್ಯಾಷನಲ್ ಟ್ರಸ್ಟಿನ ವಶದಲ್ಲಿದೆ. ವಸಂತದಲ್ಲಿ ಬಣ್ಣದ ಕೊಕ್ಕಿನ ಪಫಿನ್ ಹಕ್ಕಿಗಳು ಮೇಲಿನ ಹುಲ್ಲಿನಂಚಿಗೆ ಬಂದು ಬಿಲ ತೋಡಿ ಮರಿಮಾಡುತ್ತವೆ; ಆಗಸ್ಟಿನ ವೇಳೆಗೆ ಅವೂ ಹಾರಿಹೋಗುತ್ತವೆ. ಶರತ್ಕಾಲ ಮುಗಿಯುವಾಗ ದೋಣಿಗಳ ಓಡಾಟವೂ ನಿಲ್ಲುತ್ತದೆ. ಆಮೇಲೆ ಅಲೆಗಳು ಇನ್ನೂ ದೊಡ್ಡವಾಗಿ ಬಂದು ಗುಹೆಯೊಳಗೆ ಮೊಳಗುತ್ತವೆ; ಕೇಳಲು ಅಲ್ಲಿ ಯಾರೂ ಇರುವುದಿಲ್ಲ.